ಎರೆ ಹೊಲದ ದೀಪಸ್ತಂಭ

ಆಫೀಸಿನ ನಾಲ್ಕು ಜನ ಸೇರಿ ಒಂದು ವಾರಾಂತ್ಯ ಕಾರವಾರಕ್ಕೆ ಹೋಗಿದ್ವಿ. ರಾತ್ರಿ ಊಟ ಮುಗಿಸಿ ಟಾಗೋರ್ ಕಡಲತೀರದ ಮರಳಲ್ಲಿ ಕೂತಿದ್ದಾಗ, ದೂರದ ಕಪ್ಪು ನೀರಿನ ಮೇಲೆ ಒಂದು ಬೆಳಕು ಮಿಂಚಿ ಮರೆಯಾಗುತ್ತಿತ್ತು. ಹಡಗೋ ದೋಣಿಯೋ ಅಂತ ಉಳಿದವರು ವಾದಕ್ಕಿಳಿದರು. "ಹಡಗಲ್ಲ, ಅದು ದೇವಗಡ ದ್ವೀಪದ ಲೈಟ್‌ಹೌಸ್. ನಮ್ಮೂರ ಹತ್ತಿ ಸಲುವಾಗಿ ಕಟ್ಟಿದ್ದು" ಅಂದೆ. ಮೂವರೂ ಜೋರಾಗಿ ನಕ್ಕರು. "ಲೇ, ನಿಮ್ಮೂರು ಗುತ್ತಲ ಅಲ್ವೇನೋ? ಅಲ್ಲಿಂದ ಸಮುದ್ರಕ್ಕೆ ಬಸ್ಸಾದ್ರೂ ಇದೆಯಾ?"

ನಗೋದು ಸಹಜ. ಗುತ್ತಲ ಇರೋದು ಹಾವೇರಿಯಿಂದ ಪೂರ್ವಕ್ಕೆ, ತುಂಗಭದ್ರೆಯ ಬಯಲಿನ ಕಡೆ. ನಮಗೆ ನೀರು ಅಂದ್ರೆ ಹೊಳೆ ಅಥವಾ ಕೆರೆ. ಇತಿಹಾಸ ಅಂದ್ರೆ ಗುತ್ತರಸರು, ಚಂದ್ರಗುಪ್ತನ ವಂಶದವರು ತಾವು ಅಂತ ಹೇಳಿಕೊಂಡು ಹನ್ನೆರಡು-ಹದಿಮೂರನೇ ಶತಮಾನದಲ್ಲಿ ಈ ಸೀಮೆ ಆಳಿದವರು. ಹೊಳೆ ದಂಡೆಯ ಚೌಡದಾನಪುರದ ಮುಕ್ತೇಶ್ವರ ಗುಡಿ ನೋಡಿದವರಿಗೆ ಅವರ ಕಾಲದ ವೈಭವ ಗೊತ್ತಾಗುತ್ತೆ. ಇದರಲ್ಲಿ ಕಡಲು ಎಲ್ಲೂ ಬರೋದಿಲ್ಲ. ಆದರೆ ನಾನು ಅವತ್ತು ಹೇಳಿದ್ದು ಪೂರಾ ತಮಾಷೆ ಆಗಿರಲಿಲ್ಲ. ನಗು ನಿಂತ ಮೇಲೆ ಅವರಿಗೆ ಹೇಳಿದ ಕತೆಯನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೀತಿದ್ದೀನಿ.

ಕತೆ ಶುರುವಾಗೋದು ನಮ್ಮಜ್ಜನ ಒಂದು ಮಾತಿನಿಂದ. ಹತ್ತಿ ಬಿಡಿಸುವ ಕಾಲದಲ್ಲಿ ಹಳೇ ತಳಿಗಳ ಸುದ್ದಿ ಬಂದರೆ ಅಜ್ಜ "ಕುಮಟಾ ಹತ್ತಿ" ಅನ್ನುತ್ತಿದ್ದರು. ಜಯಧರ, ಲಕ್ಷ್ಮಿ, ಆಮೇಲೆ ಬಂದ ಹೈಬ್ರಿಡ್, ಇವೆಲ್ಲ ಅವರ ಲೆಕ್ಕದಲ್ಲಿ ಹೊಸಬರು. ಕುಮಟಾ ಅನ್ನೋದು ಸಮುದ್ರದ ದಂಡೆಯ ಊರು ಅಂತ ಶಾಲೆಯ ನಕಾಶೆಯಲ್ಲಿ ನೋಡಿದ್ದ ನಾನು ಒಮ್ಮೆ ಕೇಳಿದೆ: "ಅಜ್ಜಾ, ಕುಮಟಾದಾಗ ಹತ್ತಿ ಬೆಳೀತಾರೇನು?"

"ಏ ತಮ್ಮಾ, ಅಲ್ಲಿ ಬರೇ ಮಳಿ. ಹತ್ತಿ ನಮ್ಮ ಎರಿ ಹೊಲದ್ದು. ಹೆಸರಷ್ಟ ಅವರದ್ದು."

ಹೆಸರು ಅವರದ್ದು ಯಾಕಾಯ್ತು ಅನ್ನೋದು ನನಗೆ ಅರ್ಥವಾಗಿದ್ದು ಬಹಳ ವರ್ಷಗಳ ಮೇಲೆ. ಮುಂಬಯಿ, ಲಿವರ್‌ಪೂಲ್‌ನ ವ್ಯಾಪಾರಿಗಳಿಗೆ ಗುತ್ತಲ, ರಾಣೆಬೆನ್ನೂರು, ಗದಗ ಯಾವುದೂ ಗೊತ್ತಿರಲಿಲ್ಲ. ಸರಕು ಯಾವ ಬಂದರಿನಿಂದ ಬಂತೋ ಅದೇ ಅದರ ಹೆಸರು. ಧಾರವಾಡ ಸೀಮೆಯ ದೇಸಿ ಹತ್ತಿ ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು, ಹಾಗಾಗಿ ಅದು 'ಕುಮಟಾ' ಆಯ್ತು. ಬೆಳೆದ ಊರಿನ ಹೆಸರು ದಾರಿಯಲ್ಲೇ ಉದುರಿಹೋಯ್ತು. ಇವತ್ತು ನಾವು ಕುಡಿಯೋ ಮೋಕಾ ಕಾಫಿಯ ಹೆಸರೂ ಯೆಮೆನ್ ದೇಶದ ಒಂದು ಬಂದರಿನದ್ದೇ.

ಆ ದಾರಿ ಹೇಗಿತ್ತು ನೋಡಿ. ನಮ್ಮ ಕಡೆ ಹತ್ತಿ ಬಿತ್ತೋದು ಮಳೆಗಾಲದ ನಡುವೆ, ಬಿಡಿಸೋದು ಶಿವರಾತ್ರಿಯ ಆಸುಪಾಸಿನಿಂದ ಯುಗಾದಿಯವರೆಗೆ. ಬೀಜ ಬಿಡಿಸೋಕೆ ಯಂತ್ರ ಇಲ್ಲದ ಕಾಲ. ಹಾಸುಗಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸರಳನ್ನು ಪಾದದಿಂದ ಉರುಳಿಸಿ ಬೀಜ ಬೇರ್ಪಡಿಸುತ್ತಿದ್ದರು. ಈ ಕೆಲಸ ಹೆಚ್ಚಾಗಿ ಹೆಂಗಸರದ್ದು. ಆಮೇಲೆ ಅರಳೆಯನ್ನು ಅಂಡಗಿಗೆ ತುಂಬಿ, ಚಕ್ಕಡಿಗೆ ಹೇರಿ, ಹಾವೇರಿ, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿಸಬೇಕು. ಗುತ್ತಲದಿಂದ ಕುಮಟಾಕ್ಕೆ ಇವತ್ತಿನ ರಸ್ತೆಯಲ್ಲಿ ಸುಮಾರು 160 ಕಿ.ಮೀ. ಎತ್ತಿನ ನಡಿಗೆಯಲ್ಲಿ ಅದು ವಾರದ ಪ್ರಯಾಣ.

ಅಲ್ಲಿ ಒಂದು ಗಡುವು ಇತ್ತು. ಜೂನ್ ಬಂದರೆ ಕಡಲು ಮುಚ್ಚುತ್ತೆ. ಪತ್ತೆಮಾರಿ, ಮಚವೆಗಳು ಅರಬ್ಬಿ ಸಮುದ್ರದ ಮಳೆಗಾಲಕ್ಕೆ ಎದೆ ಕೊಡೋದಿಲ್ಲ. ಹಾಗಾಗಿ ಮಾರ್ಚ್‌ನಿಂದ ಮೇ ಕೊನೆಯೊಳಗೆ ಘಟ್ಟ ಇಳಿದ ಹತ್ತಿ ಮುಂಬಯಿ ಸೇರಿತು, ಉಳಿದದ್ದು ಗೋದಾಮಿನಲ್ಲಿ ಮಳೆಗಾಲ ಕಳೆಯಬೇಕು. ತಿಂಗಳ ಕೊನೆಯ ರಿಲೀಸ್ ಡೆಡ್‌ಲೈನ್ ನಮಗೆ ಮಾತ್ರ ಇದೆ ಅಂದ್ಕೊಂಡವರು ಈ ಚಕ್ಕಡಿಯವರನ್ನು ನೆನೆಯಬೇಕು.

ಇನ್ನೊಂದು ತೊಂದರೆ ಕುಮಟಾದ ಬಂದರಿನದ್ದೇ. ಅದು ತೆರೆದ ಕಡಲು. ಗಾಳಿಗೆ ಆಸರೆ ಇಲ್ಲ, ದೊಡ್ಡ ಹಡಗು ದೂರದಲ್ಲೇ ನಿಲ್ಲಬೇಕು. ಉತ್ತರಕ್ಕೆ ಕಾಳಿ ನದಿಯ ಮುಖದ ಹತ್ತಿರ ಕಾರವಾರದ ಕೊಲ್ಲಿ ಇದೆ. ಬೈತಖೋಲ್ ಗುಡ್ಡದ ಮರೆ, ಆಳದ ನೀರು, ಎದುರಿಗೆ ಅಲೆ ಒಡೆಯುವ ದ್ವೀಪಗಳು. ಹಡಗಿಗೆ ಅದು ತವರುಮನೆ ಇದ್ದಂತೆ. ಆದರೆ ಅಲ್ಲಿಗೆ ಘಟ್ಟದ ಮೇಲಿಂದ ಸರಿಯಾದ ರಸ್ತೆ ಇರಲಿಲ್ಲ. ಜೊತೆಗೆ ಒಂದು ಆಡಳಿತದ ಗಂಟು. ಹತ್ತಿ ಬೆಳೆಯುವ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿ, ಹತ್ತಿ ಸಾಗಿಸುವ ಕೆನರಾ ಜಿಲ್ಲೆ ಮದರಾಸು ಪ್ರಾಂತದಲ್ಲಿ. ಮುಂಬಯಿಯ ಹತ್ತಿಗಾಗಿ ಮದರಾಸಿನವರು ದುಡ್ಡು ಹಾಕಿ ರಸ್ತೆ ಯಾಕೆ ಮಾಡಿಯಾರು? ಎರಡು ಡಿಪಾರ್ಟ್‌ಮೆಂಟಿನ ನಡುವೆ ಸಿಕ್ಕ ಫೈಲಿನ ಗತಿ ನಿಮಗೆ ಗೊತ್ತೇ ಇದೆ.

ಈ ಗಂಟು ಬಿಚ್ಚಿದ್ದು ಅಮೆರಿಕದ ಯುದ್ಧ. 1861ರಲ್ಲಿ ಅಲ್ಲಿನ ಅಂತರ್ಯುದ್ಧ ಶುರುವಾದಾಗ ಲಿಂಕನ್ ಸರ್ಕಾರ ದಕ್ಷಿಣದ ರಾಜ್ಯಗಳ ಬಂದರುಗಳಿಗೆ ದಿಗ್ಬಂಧನ ಹಾಕಿತು. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲು ಬರುತ್ತಿದ್ದದ್ದು ಅಲ್ಲಿಂದಲೇ, ಗುಲಾಮರು ದುಡಿದ ಹೊಲಗಳಿಂದ. ಲ್ಯಾಂಕಶೈರ್‌ನಲ್ಲಿ ಮಗ್ಗಗಳು ನಿಂತವು, ಕೂಲಿಕಾರರು ಬೀದಿಗೆ ಬಂದರು. ಆಗ ಎಲ್ಲರ ಕಣ್ಣು ಬಿದ್ದಿದ್ದು ಭಾರತದ ಮೇಲೆ, ಅದರಲ್ಲೂ ನಮ್ಮ ಧಾರವಾಡ ಸೀಮೆಯ ಮೇಲೆ. 1840ರ ದಶಕದಲ್ಲೇ ಇಲ್ಲಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿ 'ಧಾರವಾಡ-ಅಮೆರಿಕನ್' ಅನ್ನೋ ಹತ್ತಿ ಬೆಳೆಸಿದ್ದರು. ಮ್ಯಾಂಚೆಸ್ಟರ್ ಗಿರಣಿಗಳಿಗೆ ಅದು ಒಗ್ಗುತ್ತಿತ್ತು.

ಇನ್ನು ಫೈಲು ಓಡಿತು. 1862ರಲ್ಲಿ ಉತ್ತರ ಕೆನರಾವನ್ನು ಮದರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಇವತ್ತಿನ ಉತ್ತರ ಕನ್ನಡ, ದಕ್ಷಿಣ ಕನ್ನಡ ಅನ್ನೋ ಎರಡು ಹೆಸರುಗಳ ಹಿಂದೆ ಕಾರವಾರ ಬಂದರು ಮತ್ತು ನಮ್ಮ ಹತ್ತಿ ಅಂಡಗಿಯೂ ಇವೆ ಅಂದರೆ ನಂಬೋಕೆ ಕಷ್ಟ, ಆದರೆ ನಿಜ. ಕಾರವಾರ ಜಿಲ್ಲಾ ಕೇಂದ್ರವಾಯ್ತು. ಘಟ್ಟದ ರಸ್ತೆ ಕೆಲಸ ಜೋರಾಯ್ತು. ಮ್ಯಾಂಚೆಸ್ಟರಿನ ಗಿರಣಿ ಮಾಲೀಕರು 'ಮ್ಯಾಂಚೆಸ್ಟರ್ ಕಾಟನ್ ಕಂಪನಿ' ಅಂತ ಒಂದನ್ನು ಕಟ್ಟಿ, ಹತ್ತಿ ಒತ್ತುವ ಯಂತ್ರಗಳನ್ನು ಹಡಗಿನಲ್ಲಿ ಸದಾಶಿವಗಡದ ಕಡೆಗೆ ಕಳಿಸಿದರು. ಯಂತ್ರ ಬಂದು ಇಳಿದಾಗ ರಸ್ತೆಯೂ ಮುಗಿದಿರಲಿಲ್ಲ, ಬಂದರಿನ ಕಟ್ಟೆಯೂ ಆಗಿರಲಿಲ್ಲ. ಕೆಲವೇ ವರ್ಷಗಳಲ್ಲಿ ಕಂಪನಿ ಬಾಗಿಲು ಹಾಕಿತು. ದುಡ್ಡು ಇತ್ತು, ಐಡಿಯಾ ಇತ್ತು, ನೆಲದ ಮೇಲೆ ದಾರಿ ಇರಲಿಲ್ಲ. ಸ್ಟಾರ್ಟಪ್ ಲೋಕದವರಿಗೆ ಇದನ್ನು ಬಿಡಿಸಿ ಹೇಳೋದು ಬೇಡ.

ಆ ಗಡಿಬಿಡಿಯಲ್ಲಿ ಎದ್ದು ನಿಂತು ಇವತ್ತಿಗೂ ಕೆಲಸ ಮಾಡುತ್ತಿರೋದು ದೀಪಸ್ತಂಭ. ಕಾರವಾರದ ಕೊಲ್ಲಿಯ ಎದುರಿನ ಬಂಡೆ ದ್ವೀಪಗಳಿಗೆ ಇಂಗ್ಲಿಷರು 'ಆಯ್ಸ್ಟರ್ ರಾಕ್ಸ್' ಅಂದರು, ಸಿಂಪಿ ಬಂಡೆಗಳು ಅನ್ನಬಹುದು. ಅದರಲ್ಲಿ ದೊಡ್ಡದು ದೇವಗಡ. ಅದರ ನೆತ್ತಿಯ ಮೇಲೆ 1864ರಲ್ಲಿ ದೀಪ ಹೊತ್ತಿತು. ಸಮುದ್ರಮಟ್ಟದಿಂದ ಸುಮಾರು 210 ಅಡಿ ಎತ್ತರದಲ್ಲಿ, ಆಗಿನ ಕಾಲಕ್ಕೆ ಮಿಣುಕದೆ ಸ್ಥಿರವಾಗಿ ಉರಿಯುವ ಬಿಳಿ ಬೆಳಕು. ಹತ್ತಿಯೊಂದೇ ಇದಕ್ಕೆ ಕಾರಣ ಅಂತ ನಾನು ಹೇಳೋದಿಲ್ಲ, ಪಶ್ಚಿಮ ಕರಾವಳಿಯಲ್ಲಿ ಓಡಾಡುವ ಎಲ್ಲ ಹಡಗಿಗೂ ಅದು ಬೇಕಿತ್ತು. ಆದರೆ ಕಾರವಾರದ ಬಂದರಿಗೆ ಆ ಹೊತ್ತಿನಲ್ಲಿ ಆ ಅವಸರ ಬಂದಿದ್ದು ಘಟ್ಟದ ಮೇಲಿನ ಎರೆ ಹೊಲಗಳಿಂದ. ಕುಮಟಾದ ಹೆಡ್ ಬಂದರಿನ ಗುಡ್ಡದ ಮೇಲೂ ದೀಪ ಇತ್ತು. 

ದೀಪಸ್ತಂಭ ಅಂದ್ರೆ ದೊಡ್ಡ ದೀಪ ಅಂತ ನಾವು ಅಂದ್ಕೋತೀವಿ. ನಿಜವಾದ ಜಾಣತನ ಇರೋದು ಗಾಜಿನಲ್ಲಿ. ಬತ್ತಿಯ ಬೆಳಕು ನಾಲ್ಕೂ ದಿಕ್ಕಿಗೆ ಚೆಲ್ಲಿಹೋಗುತ್ತೆ, ಆಕಾಶಕ್ಕೂ ನೆಲಕ್ಕೂ. ಮದರಾಸಿನಲ್ಲಿ 1796ರಲ್ಲಿ ಕೋಟೆಯ ಕಟ್ಟಡದ ಮೇಲೆ ತೆಂಗಿನೆಣ್ಣೆ ದೀಪಗಳನ್ನು ಇಟ್ಟಾಗ ಈ ಕಷ್ಟ ಇದ್ದೇ ಇತ್ತು. 1820ರ ದಶಕದಲ್ಲಿ ಫ್ರಾನ್ಸಿನ ಫ್ರೆನೆಲ್ ಇದಕ್ಕೆ ಉಪಾಯ ಕಂಡುಹಿಡಿದ. ದಪ್ಪ ಮಸೂರದ ಬದಲು ಉಂಗುರ ಉಂಗುರವಾಗಿ ಗಾಜಿನ ಪಟ್ಟಿಗಳನ್ನು ಜೋಡಿಸಿ, ಚೆಲ್ಲಿಹೋಗುವ ಬೆಳಕನ್ನೆಲ್ಲ ಮಡಚಿ ಕಡಲಿನ ಕಡೆಗೆ ತಿರುಗಿಸಿದ. ಎಣ್ಣೆ ಅಷ್ಟೇ, ಬತ್ತಿ ಅಷ್ಟೇ, ಕಾಣುವ ದೂರ ಮಾತ್ರ ಹತ್ತಾರು ಮೈಲಿ. ಇವತ್ತು ನಿಮ್ಮ ಕಾರಿನ ಹೆಡ್‌ಲೈಟಿನ ಗಾಜಿಗೂ ಆ ವಿದ್ಯೆಯದ್ದೇ ನಂಟು.

ಗಾಜನ್ನು ಒರೆಸೋಕೆ ಮಾತ್ರ ಮನುಷ್ಯ ಬೇಕು. ಉಪ್ಪುಗಾಳಿಗೆ ಗಾಜು ಮಂಕಾಗುತ್ತೆ, ಬತ್ತಿ ಕರಿ ಕಟ್ಟುತ್ತೆ. ದ್ವೀಪದ ಮೇಲಿನ ಕಾವಲುಗಾರರಿಗೆ ಅಕ್ಕಿ, ಎಣ್ಣೆ ಎಲ್ಲ ದೋಣಿಯಲ್ಲಿ ಬರಬೇಕು, ಮಳೆಗಾಲದಲ್ಲಿ ಅದೂ ಕಷ್ಟ. ನಮ್ಮ ಕಡೆಯ ಶಾಸನಗಳಲ್ಲಿ ಗುಡಿಯ ನಂದಾದೀವಿಗೆಗೆ ಎಣ್ಣೆ, ಗಾಣ, ಭೂಮಿ ಬಿಟ್ಟ ದತ್ತಿಗಳು ಸಿಗುತ್ತವೆ. ದಾನ ಕೊಟ್ಟವರ ಹೆಸರು ಕಲ್ಲಿನಲ್ಲಿ ಇರುತ್ತೆ. ದಿನಾ ಎಣ್ಣೆ ಹಾಕಿದವನ ಹೆಸರು ಗುಡಿಯಲ್ಲೂ ಸಿಗೋದು ಅಪರೂಪ, ದ್ವೀಪದಲ್ಲೂ ಅಷ್ಟೇ.

ಸರಿ, ದೀಪ ಹತ್ತಿತು. ಹತ್ತಿಯ ಕತೆ ಏನಾಯ್ತು?

ಯುದ್ಧ ನಡೆದಷ್ಟು ದಿನ ಬೆಲೆ ಏರಿದ್ದೇ ಏರಿದ್ದು. ಅಂಡಗಿಯಲ್ಲಿ ಬೀಜ, ಕಸ ಬೆರೆಸಿ ತೂಕ ಹೆಚ್ಚಿಸೋದು ಎಷ್ಟಾಯ್ತು ಅಂದ್ರೆ ಮುಂಬಯಿ ಸರ್ಕಾರ 1863ರಲ್ಲಿ ಹತ್ತಿ ಮೋಸ ತಡೆಯೋಕೇ ಒಂದು ಕಾಯ್ದೆ ತಂದಿತು. ಮುಂಬಯಿಯಲ್ಲಿ ಷೇರುಗಳ ಹುಚ್ಚು ಹತ್ತಿತು. 1865ರಲ್ಲಿ ಯುದ್ಧ ಮುಗಿಯಿತು. ಅಮೆರಿಕದ ಹತ್ತಿ ಮತ್ತೆ ಬರುತ್ತೆ ಅನ್ನೋ ಸುದ್ದಿಗೇ ಬೆಲೆ ಕುಸಿಯಿತು, ಮುಂಬಯಿಯ ಬ್ಯಾಂಕು, ಕಂಪನಿಗಳು ಸಾಲಾಗಿ ಮುಳುಗಿದವು. ದೊಡ್ಡವರ ಮುಳುಗು ಇತಿಹಾಸದ ಪುಸ್ತಕದಲ್ಲಿದೆ. ಜೋಳದ ಹೊಲಕ್ಕೂ ಹತ್ತಿ ಹಾಕಿದ ರೈತನ ಮುಳುಗು ಕಂದಾಯದ ದಫ್ತರದಲ್ಲಿ ಸಾಲು ಸಾಲಾಗಿ ಮಲಗಿದೆ. ಒಳ್ಳೆಯ ದಿನಗಳ ಬೆಲೆ ನೋಡಿ 1870ರ ದಶಕದಲ್ಲಿ ಸರ್ಕಾರ ಭೂಕಂದಾಯವನ್ನೂ ಏರಿಸಿತು. ಬೆಲೆ ಇಳಿದರೂ ಕಂದಾಯ ಇಳಿಯಲಿಲ್ಲ.

ಅಷ್ಟರಲ್ಲಿ 1876 ಬಂತು. ಧಾತು, ಈಶ್ವರ ಸಂವತ್ಸರಗಳ ಬರ. ಮಳೆ ಕೈಕೊಟ್ಟಿತು, ಮೇವಿಲ್ಲದೆ ಎತ್ತುಗಳು ಸತ್ತವು, ಧಾರವಾಡ ಜಿಲ್ಲೆ ಆ ಬರದಲ್ಲಿ ಬಹಳ ನೊಂದ ಜಿಲ್ಲೆಗಳಲ್ಲಿ ಒಂದು. ನಮ್ಮ ಕಡೆ ಆಗ ರೈಲು ಇರಲಿಲ್ಲ. ಕಾಳು ಬರಬೇಕಾದ್ದು ಕಡಲಿನಿಂದ, ಹತ್ತಿ ಇಳಿದುಹೋದ ಅದೇ ಘಟ್ಟದ ದಾರಿಗಳಲ್ಲಿ. ಕಾರವಾರ, ಕುಮಟಾಗಳಲ್ಲಿ ಇಳಿದ ಧಾನ್ಯ ಚಕ್ಕಡಿ ಹತ್ತಿ ಮೇಲೆ ಬಂತು, ಎಳೆಯೋಕೆ ಉಳಿದಿದ್ದ ಎತ್ತುಗಳು ಎಳೆದಷ್ಟು. ಲಾಭದ ದಾರಿ ಅಂತ ಮಾಡಿದ್ದು ಜೀವದ ದಾರಿಯೂ ಆಯ್ತು. ನನಗೆ ದೇವಗಡದ ದೀಪ ನೆನಪಾದಾಗಲೆಲ್ಲ ಮೊದಲು ಕಣ್ಣಿಗೆ ಬರೋದು ಹೊರಗೆ ಹೋದ ಹತ್ತಿ ಅಲ್ಲ, ಒಳಗೆ ಬಂದ ಈ ಕಾಳು. ಹೊಟ್ಟೆಗೇನು ಅಂತ ನೋಡದೆ ಇಡೀ ಸೀಮೆ ಒಂದೇ ಬೆಳೆಯ ಬೆಲೆಗೆ ಜೋತುಬಿದ್ದರೆ ಏನಾಗುತ್ತೆ ಅನ್ನೋದಕ್ಕೆ ಆ ಹದಿನೈದು ವರ್ಷಗಳೇ ಸಾಕ್ಷಿ. ಈಗ ನಮ್ಮೂರ ಸುತ್ತ ಬಿಟಿ ಹತ್ತಿ, ಗೋವಿನಜೋಳ. ಬೆಲೆ ನಿಗದಿಯಾಗೋದು ಈಗಲೂ ನಮಗೆ ಕಾಣದ ಯಾವುದೋ ಊರಲ್ಲಿ.

ಆಮೇಲೆ ರೈಲು ಬಂತು. ಕಾರವಾರದಿಂದ ಹುಬ್ಬಳ್ಳಿಗೆ ರೈಲು ಹಾಕಬೇಕು ಅನ್ನೋ ಮಾತು ಆ ಕಾಲದಲ್ಲೇ ಇತ್ತು. ಆಗಲಿಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯಿಂದ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೇಲೆ ಹರಿಹರಕ್ಕೆ ಹಾದುಹೋಯ್ತು. ಕಡಲಿನ ಕಡೆಯ ಕೊಂಡಿ ಮಾತ್ರ ಕಾರವಾರಕ್ಕೆ ಹೋಗದೆ, 1888ರಲ್ಲಿ ಪೋರ್ಚುಗೀಸರ ಗೋವಾದ ಮಾರ್ಮಗೋವಾಕ್ಕೆ ಹೋಯ್ತು. ಚಕ್ಕಡಿ ಸಾಲುಗಳು ತೆಳ್ಳಗಾದವು. ಕುಮಟಾ ತನ್ನ ಹೆಸರಿನ ಹತ್ತಿಯನ್ನು ಕಾಣೋದೇ ಅಪರೂಪವಾಯ್ತು.

ಬಂದರು ಮಂಕಾದರೂ ದೀಪ ಆರಲಿಲ್ಲ. 1883ರಲ್ಲಿ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ 22ರ ಹರೆಯದ ರವೀಂದ್ರನಾಥ ಟಾಗೋರ್, ಇದೇ ದಂಡೆಯಲ್ಲಿ ಓಡಾಡಿ 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದರು. ನಾವು ಅವತ್ತು ಕೂತಿದ್ದ ಕಡಲತೀರಕ್ಕೆ ಅವರ ಹೆಸರು ಬಂದಿದ್ದು ಹಾಗೆ. ದೇವಗಡದ ದೀಪಕ್ಕೆ ಆಗಲೇ ಹತ್ತೊಂಬತ್ತು ವರ್ಷ ಆಗಿತ್ತು. ನಾವೆಲ್ಲ ಸೆಲ್ಫಿ ತೆಗೆದುಕೊಳ್ಳುವ ಕಾಪುವಿನ ದೀಪಸ್ತಂಭ ಕಟ್ಟಿದ್ದು 1901ರಲ್ಲಿ. ದಂಡೆಯ ಬಂಡೆಯ ಮೇಲೆ ಸುಮಾರು 27 ಮೀಟರ್ ಎತ್ತರಕ್ಕೆ ನಿಂತಿರೋದ್ರಿಂದ ಅದಕ್ಕೆ ಫೋಟೋ ಭಾಗ್ಯ ಹೆಚ್ಚು. ದೇವಗಡ ವಯಸ್ಸಿನಲ್ಲಿ ಅದರ ಅಣ್ಣ, ಕಡಲ ಮಧ್ಯೆ ಇರೋದ್ರಿಂದ ಇನ್‌ಸ್ಟಾಗ್ರಾಮಿನಲ್ಲಿ ಅನಾಥ.

ಈಗ ಪ್ರತಿ ಮೀನುದೋಣಿಯಲ್ಲೂ ಜಿಪಿಎಸ್ ಇರುವಾಗ ಈ ಕಂಬಗಳು ಯಾಕೆ ಬೇಕು ಅಂತ ಕೇಳಬಹುದು. ದಂಡೆಯಲ್ಲಿ ಮೀನು ಹಿಡಿಯುವವರೊಬ್ಬರನ್ನು ನಾನೂ ಕೇಳಿದೆ. "ಜಿಪಿಎಸ್ ಬ್ಯಾಟರಿ ಮುಗೀತದೆ, ಇದು ಮುಗಿಯೋದಿಲ್ಲ ಮಾರಾಯ್ರೆ" ಅಂದರು. ಸಾಕಾಯ್ತು ಉತ್ತರ. ಅರ್ಥಶಾಸ್ತ್ರದ ತರಗತಿಯಲ್ಲಿ ಕೂತವರಿಗೆ ದೀಪಸ್ತಂಭ ಹಳೆಯ ಪರಿಚಯ. ಒಬ್ಬ ನೋಡಿದರೆ ಇನ್ನೊಬ್ಬನಿಗೆ ಕಡಿಮೆಯಾಗದ, ದುಡ್ಡು ಕೊಡದವನಿಗೆ ಕಾಣದಂತೆ ಮುಚ್ಚಿಡಲಾಗದ ವಸ್ತುವಿಗೆ ಅದೇ ಉದಾಹರಣೆ. 1974ರಲ್ಲಿ ರೊನಾಲ್ಡ್ ಕೋಸ್, ಹಾಗೇನಿಲ್ಲ, ಇಂಗ್ಲೆಂಡಿನಲ್ಲಿ ಬಂದರಿಗೆ ಬಂದ ಹಡಗುಗಳಿಂದ ದೀಪದ ಸುಂಕ ವಸೂಲು ಮಾಡುತ್ತಿದ್ದರು ಅಂತ ತೋರಿಸಿದ. ನಮ್ಮಲ್ಲೂ 1927ರ ದೀಪಸ್ತಂಭ ಕಾಯ್ದೆಯಲ್ಲಿ ಆ ಸುಂಕ ಇತ್ತು. 2021ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು. ದೊಡ್ಡ ಹಡಗು ಕೊಟ್ಟ ದುಡ್ಡಿನ ಬೆಳಕಲ್ಲಿ ಸಣ್ಣ ದೋಣಿಯೂ ಮನೆ ಸೇರುತ್ತೆ. ಒಳ್ಳೆಯ ತೆರಿಗೆ ಅಂದರೆ ಹೀಗಿರಬೇಕು ಅಂತ ನನಗನ್ನಿಸುತ್ತೆ.

ಆದರೆ ದೀಪಸ್ತಂಭಕ್ಕೂ ಮಿತಿ ಇದೆ. ಅದು ಬಂಡೆ ಎಲ್ಲಿದೆ ಅಂತ ಹೇಳಬಲ್ಲದು, ದೋಣಿಯಲ್ಲಿ ಎಷ್ಟು ಜನ ಹತ್ತಬೇಕು ಅಂತ ಹೇಳಲಾರದು. 2019ರ ಜನವರಿ 21ರಂದು, ದೇವಗಡಕ್ಕೆ ನೆರೆಯ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಹಾಡಹಗಲೇ ಮಗುಚಿತು. 16 ಜನ ಸತ್ತರು. ಅವರಲ್ಲಿ ನಮ್ಮ ಹಾವೇರಿ ಜಿಲ್ಲೆಯವರೂ ಇದ್ದರು, ಮಕ್ಕಳೂ ಇದ್ದರು. ಬಯಲುಸೀಮೆಯಿಂದ ಕಡಲು ನೋಡೋಕೆ, ದೇವರ ದರ್ಶನಕ್ಕೆ ಅಂತ ಬಂದವರು. ಅವತ್ತು ಊರಿಗೆ ಫೋನ್ ಮಾಡಿದಾಗ ಅವ್ವ ಒಂದೇ ಮಾತು ಅಂದಳು: "ನಮ್ಮ ಮಂದೀಗೆ ನೀರಿನ ಅಂದಾಜಿರೂದಿಲ್ಲಪಾ." ಅಂದಾಜು ಇಲ್ಲದವರಿಗೇ ಅಲ್ಲವೇ ಲೈಫ್ ಜಾಕೆಟ್ಟು, ಇಷ್ಟೇ ಜನ ಅನ್ನೋ ನಿಯಮ, ಅದನ್ನು ನೋಡಿಕೊಳ್ಳುವ ಒಬ್ಬ ಮನುಷ್ಯ ಬೇಕಾಗಿರೋದು? 1864ರಲ್ಲಿ ಕಾಣದ ಹಡಗಿನ ಸಲುವಾಗಿ ಬಂಡೆಯ ನೆತ್ತಿಗೆ ಕಲ್ಲು ಹೊತ್ತರು. ಜಾತ್ರೆಗೆ ಬರುವ ನಮ್ಮದೇ ಜನರ ಸಲುವಾಗಿ ಒಂದು ಜಾಕೆಟ್ ಹೊರೋದು ಅಷ್ಟು ಭಾರವೇ?

ಅವತ್ತು ಮರಳಲ್ಲಿ ಇದನ್ನೆಲ್ಲ ಹೇಳಿ ಮುಗಿಸಿದಾಗ ಗೆಳೆಯರು ನಗುತ್ತಿರಲಿಲ್ಲ. ಮರುದಿನ ವಾಪಸ್ ಬರುವಾಗ ಕುಮಟಾ, ದೇವಿಮನೆ, ಶಿರಸಿ, ಹಾವೇರಿ ದಾರಿ ಹಿಡಿದೆವು. ಈಗ ಅದಕ್ಕೆ ರಾಷ್ಟ್ರೀಯ ಹೆದ್ದಾರಿ 766ಇ ಅಂತ ಹೆಸರು. ಹುಬ್ಬಳ್ಳಿ-ಅಂಕೋಲಾ ರೈಲು 1990ರ ದಶಕದ ಕೊನೆಗೆ ಮಂಜೂರಾಗಿದ್ದು ಕಾಡು ಬೇಕೋ ರೈಲು ಬೇಕೋ ಅನ್ನೋ ಜಗಳದಲ್ಲಿ ಇನ್ನೂ ನಿಂತೇ ಇದೆ. ಘಟ್ಟದ ಆ ಕಾಡು ನೋಡಿದವನಿಗೆ ಆ ಜಗಳದಲ್ಲಿ ಒಂದೇ ಪಕ್ಷ ಹಿಡಿಯೋದು ಕಷ್ಟ.

ಗುತ್ತಲ ಮುಟ್ಟಿದಾಗ ಸಂಜೆ ಆಗಿತ್ತು. ಅವ್ವ ಎಲ್ಲರಿಗೂ ರೊಟ್ಟಿ ಬಡಿದಳು. ಪಡಸಾಲೆಯ ಮೂಲೆಯಲ್ಲಿ ಅಜ್ಜನ ಕಾಲದ ಒಂದು ಖಾಲಿ ಅಂಡಗಿ ಚೀಲ ಇನ್ನೂ ಮಡಚಿ ಇಟ್ಟಿದ್ದಾರೆ, ಈಗ ಅದರ ಮೇಲೆ ಬೆಕ್ಕು ಮಲಗುತ್ತೆ. ಗೆಳೆಯನೊಬ್ಬ ಅದನ್ನು ತೋರಿಸಿ, "ಇದೇನಾ ಲೈಟ್‌ಹೌಸ್ ಕಟ್ಟಿಸಿದ್ದು?" ಅಂತ ಕೇಳಿದ.

"ಹೌದು, ಇದೇ" ಅಂದೆ. ಈ ಸಲ ಯಾರೂ ನಗಲಿಲ್ಲ.